ಆ ಕಲೆಗೆ ಮೊದಲು ನುಂಗಿದ ಮಾತ್ರೆ ಯಾವುದು?

ಶಿಶ್ನದ ತುದಿಯಲ್ಲಿ ಕಡಲೆಬೇಳೆಯಷ್ಟು ಕಪ್ಪು ಕಲೆ, ಒಂದು ತಿಂಗಳಾಯಿತು, ನೋವಿಲ್ಲ, ಯಾರಿಗೂ ಹೇಳಲಾಗುತ್ತಿಲ್ಲ ಎಂದು ಬರೆದಿದ್ದೀರಿ. ಕೊನೆಯಲ್ಲಿ ‘ಅದಕ್ಕೆ ಮೊದಲು ಭೇದಿಗೆ ಮಾತ್ರೆ ತೆಗೆದುಕೊಂಡಿದ್ದೆ’ ಎಂದಿದ್ದೀರಲ್ಲ, ನನ್ನ ಗಮನವೆಲ್ಲ ಅಲ್ಲಿಯೇ ಇದೆ. ಭೇದಿಗೆ ಕೊಡುವ ಮೆಟ್ರೊನಿಡಜೋಲ್, ಕೋಟ್ರೈಮಾಕ್ಸಜೋಲ್‌ನಂತಹ ಮಾತ್ರೆಗಳು, ಕೆಲವು ನೋವಿನ ಮಾತ್ರೆಗಳು ಕೆಲವರಿಗೆ ಒಗ್ಗುವುದಿಲ್ಲ. ಮೊದಲು ಉರಿಯುತ್ತದೆ, ಕೆಂಪಾಗುತ್ತದೆ. ಆಮೇಲೆ ಬೂದುಗಪ್ಪು ಕಲೆ ಉಳಿಯುತ್ತದೆ. ಅದೇ ಮಾತ್ರೆ ಮತ್ತೆ ನುಂಗಿದರೆ ಅದೇ ಜಾಗದಲ್ಲಿ ಮರುಕಳಿಸುತ್ತದೆ. ಖಾಲಿ ಸ್ಟ್ರಿಪ್ ಇನ್ನೂ ಮನೆಯಲ್ಲಿದ್ದರೆ ದಯವಿಟ್ಟು ಎಸೆಯಬೇಡಿ, ವೈದ್ಯರಿಗೆ ತೋರಿಸಿ.

ವೃಷಣದ ಚೀಲದ ಮೇಲೆ ಬರುವ ಸಾಸಿವೆಯಂತಹ ಕಪ್ಪುಗೆಂಪು ಚುಕ್ಕೆಗಳು ಬೇರೆ. ಅವು ಹಿಗ್ಗಿದ ಸಣ್ಣ ರಕ್ತನಾಳಗಳು, ಸಾಮಾನ್ಯವಾಗಿ ಅಪಾಯವಿಲ್ಲ.

ಕಲೆ ಬೆಳೆಯುತ್ತಿದ್ದರೆ, ಅಂಚು ಅಂಕುಡೊಂಕಾಗಿದ್ದರೆ, ಒಂದೇ ಕಲೆಯಲ್ಲಿ ಎರಡು ಮೂರು ಬಣ್ಣ ಕಂಡರೆ, ಗಟ್ಟಿಯಾದರೆ, ಹುಣ್ಣಾದರೆ, ರಕ್ತ ಒಸರಿದರೆ ಈ ವಾರವೇ ಹೋಗಿ. ಇದಾವುದೂ ಇಲ್ಲದಿದ್ದರೂ ಒಮ್ಮೆ ತೋರಿಸಲೇಬೇಕು; ಬರಹ ಓದಿ ಯಾರೂ ಕಲೆಯನ್ನು ಗುರುತಿಸಲಾರರು. ಚರ್ಮರೋಗ ತಜ್ಞರ ಓದಿನಲ್ಲಿ ಗುಪ್ತರೋಗವೂ ಸೇರಿದೆ, ಅವರಿಗೆ ಇದು ದಿನನಿತ್ಯದ ಕೆಲಸ. ಅಲ್ಲಿಯವರೆಗೆ ಔಷಧ ಅಂಗಡಿಯಲ್ಲಿ ಕೇಳಿ ತಂದ ಸ್ಟಿರಾಯ್ಡ್ ಮುಲಾಮು ಹಚ್ಚಬೇಡಿ. ಅಲ್ಲಿನ ಚರ್ಮ ಬಹಳ ತೆಳು, ಬೇಗ ಹಾಳಾಗುತ್ತದೆ.