ಸ್ಕಿಡ್ ಸ್ಟಿಯರ್ ಲೋಡರ್‌ನ ಲಿವರ್ ಸಡಿಲ, ಕೈಬಿಟ್ಟರೂ ಗಾಡಿ ತೆವಳುತ್ತದೆ, ಎತ್ತಿದ ಆರ್ಮ್ ಇಳಿಯುತ್ತದೆ: ಪಂಪು, ವಾಲ್ವು ಎರಡನ್ನೂ ಬದಲಿಸಬೇಕೇ?

ಎರಡನ್ನೂ ಬದಲಿಸಿ ಎಂದು ಮೆಕ್ಯಾನಿಕ್ ಹೇಳಿದ್ದರೆ ಈಗಲೇ ಒಪ್ಪಬೇಡಿ. ನಾನು ಇಂಥ ಗಾಡಿಗಳನ್ನೇ ಬಿಚ್ಚಿ ಜೋಡಿಸುವವನು. ನೀವು ಹೇಳಿದ ಮೂರು ತೊಂದರೆಗಳಲ್ಲಿ ಮೊದಲ ಎರಡಕ್ಕೆ ಕಾರಣ ಬಹಳ ಸಲ ಎಣ್ಣೆಯ ಕಡೆ, ಅಂದರೆ ಪಂಪು ವಾಲ್ವುಗಳಲ್ಲಿ, ಇರುವುದೇ ಇಲ್ಲ. ಲಿವರ್‌ಗೂ ಪಂಪಿಗೂ ನಡುವೆ ಇರುವ ಪಿನ್ನು, ಬುಷ್ಷು, ರಾಡುಗಳಲ್ಲಿ ಇರುತ್ತದೆ. ಆರ್ಮ್ ಇಳಿಯುವುದು ಬೇರೆಯೇ ಕಥೆ, ಅದಕ್ಕೆ ಆಮೇಲೆ ಬರುತ್ತೇನೆ. (ಲಿವರ್‌ನಿಂದ ರಾಡ್ ಹೊರಡುವ ಹಳೆಯ ಮಾದರಿಗೆ ಈ ಮಾತು. ಜಾಯ್‌ಸ್ಟಿಕ್‌ನಿಂದ ವೈರ್ ಹೊರಡುವ ಗಾಡಿಗೆ ಇದು ಹೊಂದುವುದಿಲ್ಲ.)

ಕೈ ಹಾಕುವ ಮೊದಲು ಒಂದು ಮಾತು. ಆರ್ಮ್ ಎತ್ತಿ ಕೆಲಸ ಮಾಡುವುದಾದರೆ ಗಾಡಿಯ ಜೊತೆ ಬಂದ ಆರ್ಮ್ ಲಾಕ್ ಹಾಕಲೇಬೇಕು; ಜಾಕ್, ಮರದ ತುಂಡು ನಡೆಯದು. ಹೋಸ್‌ನಲ್ಲಿ ಸೋರಿಕೆ ಹುಡುಕಲು ಬೆರಳು ಓಡಿಸಬೇಡಿ, ರಟ್ಟಿನ ತುಂಡು ಹಿಡಿದು ನೋಡಿ. ಸೂಜಿಮೊನೆಯಷ್ಟು ತೂತಿನಿಂದ ಒತ್ತಡದಲ್ಲಿ ಚಿಮ್ಮುವ ಎಣ್ಣೆ ಚರ್ಮದೊಳಗೆ ಹೊಕ್ಕರೆ ನೋವು ಮೊದಲು ಕಡಿಮೆಯೇ ಇರಬಹುದು, ಆದರೆ ತಕ್ಷಣ ಆಸ್ಪತ್ರೆಗೆ ಹೋಗದಿದ್ದರೆ ಬೆರಳೇ ಹೋಗಬಹುದು.

ಇನ್ನು ಲಿವರ್. ಎಂಜಿನ್ ಆಫ್ ಮಾಡಿ, ಒಬ್ಬರು ಲಿವರನ್ನು ಹಿಂದೆ ಮುಂದೆ ಸ್ವಲ್ಪವೇ ಅಲ್ಲಾಡಿಸಲಿ. ನೀವು ಒಂದೊಂದು ಜಾಯಿಂಟ್ ಮೇಲೂ ಎರಡು ಬದಿಗೂ ತಾಗುವಂತೆ ಬೆರಳಿಡಿ. ಪ್ಲೇ (ಸಡಿಲ) ಬಂದ ಕಡೆ ‘ಟಕ್’ ಎಂದು ಬೆರಳಿಗೇ ಗೊತ್ತಾಗುತ್ತದೆ: ಒಂದು ಭಾಗ ಮೊದಲು ಹೊರಟು, ಇನ್ನೊಂದು ತಡವಾಗಿ ಹೊರಡುತ್ತದೆ. ಕೆಳಗಿನ ಒಂದು ಮಿಲಿಮೀಟರ್ ಪ್ಲೇ, ಲಿವರ್ ಉದ್ದದಿಂದಾಗಿ ಹಿಡಿಯಲ್ಲಿ ಹಲವು ಪಟ್ಟಾಗಿ ಕಾಣುತ್ತದೆ. ನಾಲ್ಕೈದು ಜಾಯಿಂಟ್‌ಗಳದ್ದು ಸೇರಿದರೆ ಲಿವರ್ ಲಟಪಟ ಎನ್ನದೆ ಇನ್ನೇನು?

ರಾಡ್ ಎಂಡ್‌ಗಳನ್ನು (ರಾಡಿನ ತುದಿಯಲ್ಲಿ ತಿರುಗಿಸಿ ಕೂರಿಸುವ ಜಾಯಿಂಟ್‌ಗಳನ್ನು) ರಿಪೇರಿ ಮಾಡಲು ಹೋಗಬೇಡಿ, ಹೊಸದೇ ಹಾಕಿ. ಕೊಳ್ಳುವಾಗ ಥ್ರೆಡ್ ನೋಡಿಕೊಳ್ಳಿ, ಕೆಲವು ರಾಡ್‌ಗಳಲ್ಲಿ ಒಂದು ತುದಿ ಎಡ ಥ್ರೆಡ್ ಇರುತ್ತದೆ. ಲಿವರ್ ಕೂರುವ ಪಿವಟ್ ತೂತು ಮೊಟ್ಟೆಯಾಕಾರ ಆಗಿದ್ದರೆ ಬರೀ ಪಿನ್ ಬದಲಿಸಿ ಪ್ರಯೋಜನವಿಲ್ಲ. ತೂತನ್ನು ದೊಡ್ಡದು ಮಾಡಿಸಿ ಹಿತ್ತಾಳೆ ಅಥವಾ ಕಂಚಿನ ಬುಷ್ ಕೂರಿಸಿ, ಪಿನ್ನಿಗೆ ಸರಿಹೊಂದುವಂತೆ ಬುಷ್ಷಿನ ಒಳಗನ್ನು ರೀಮ್ ಮಾಡಿಸಬೇಕು (ಸವರಿ ಅಳತೆಗೆ ತರಬೇಕು). ಗ್ರೀಸ್ ನಿಪ್ಪಲ್ ಇದ್ದರೆ ಅದು ಮುಚ್ಚಿಹೋಗಿದೆಯೇ ನೋಡಿ. ಬುಷ್ ಸವೆಯಲು ಅದೇ ಕಾರಣವಾಗಿರಬಹುದು.

ಪ್ಲೇ ಹೋದ ಮೇಲೆ ನ್ಯೂಟ್ರಲ್, ಅಂದರೆ ಲಿವರ್ ಬಿಟ್ಟಾಗ ಚಕ್ರ ನಿಲ್ಲುವ ಜಾಗ, ಹೊಂದಿಸುವುದು. ಗಾಡಿಯನ್ನು ಗಟ್ಟಿ ಆಧಾರದ ಮೇಲೆ ಕೂರಿಸಿ, ನಾಲ್ಕೂ ಚಕ್ರ ನೆಲ ಬಿಟ್ಟಿರಲಿ. ಒಬ್ಬರು ಸೀಟಿನಲ್ಲಿ ಸೇಫ್ಟಿ ಬಾರ್ ಹಾಕಿ ಕೂರಲಿ. ಸೇಫ್ಟಿ ಸ್ವಿಚ್ಚಿಗೆ ತಂತಿ ಕಟ್ಟುವ ಬುದ್ಧಿವಂತಿಕೆ ಬೇಡವೇ ಬೇಡ. ಎಂಜಿನ್ ಸ್ಟಾರ್ಟ್ ಮಾಡಿ, ಲಿವರ್ ಬಿಟ್ಟಾಗ ಯಾವ ಬದಿಯ ಚಕ್ರ ತಿರುಗುತ್ತದೆ ನೋಡಿ. ಆಫ್ ಮಾಡಿ, ಲಾಕ್ ನಟ್ ಸಡಿಲಿಸಿ, ಆ ಬದಿಯ ರಾಡ್ ಉದ್ದವನ್ನು ಅರ್ಧ ಸುತ್ತು ಬದಲಿಸಿ, ಮತ್ತೆ ಸ್ಟಾರ್ಟ್. ಚಕ್ರ ನಿಂತ ಕೂಡಲೇ ಬಿಗಿಮಾಡಬೇಡಿ. ಅದೇ ದಿಕ್ಕಿನಲ್ಲಿ ಮುಂದುವರಿದು ಚಕ್ರ ಹಿಮ್ಮುಖ ತಿರುಗಲು ಶುರುವಾಗುವ ಜಾಗವನ್ನೂ ಹುಡುಕಿ, ಎರಡರ ನಡುವೆ ನಿಲ್ಲಿಸಿ. ಲಿವರನ್ನು ನಡುವಿಗೆ ಎಳೆಯುವ ಸ್ಪ್ರಿಂಗ್ ಸೋತಿದ್ದರೆ ಈ ಹೊಂದಾಣಿಕೆ ನಿಲ್ಲದು, ಅದನ್ನು ಮೊದಲೇ ಬದಲಿಸಿರಬೇಕು.

ಈಗ ಆರ್ಮ್. ಆರ್ಮ್ ಎತ್ತುವ ಪೆಡಲ್ ಒತ್ತಿದಾಗ ಮೇಲೇರುವ ಬದಲು ಮೊದಲು ಸ್ವಲ್ಪ ಕುಸಿದು ಆಮೇಲೆ ಏಳುತ್ತದೆಯೇ? ಹಾಗಿದ್ದರೆ ವಾಲ್ವಿನೊಳಗಿನ ಲೋಡ್ ಚೆಕ್ (ಭಾರಕ್ಕೆ ಎಣ್ಣೆ ಹಿಂದಕ್ಕೆ ಹರಿಯದಂತೆ ತಡೆಯುವ ಭಾಗ) ಸರಿಯಾಗಿ ಕೂರುತ್ತಿಲ್ಲ, ಬಹುಶಃ ಕಸ ಸಿಕ್ಕಿದೆ. ಸುಮ್ಮನೆ ಬಿಟ್ಟಾಗ ಇಳಿಯುವುದಾದರೆ ಸಿಲಿಂಡರ್ ಸೀಲ್ ಮೇಲೆ ಎಲ್ಲರೂ ಬೆರಳು ತೋರಿಸುತ್ತಾರೆ. ಪರೀಕ್ಷಿಸದೆ ನಂಬಬೇಡಿ. ಆರ್ಮನ್ನು ಪೂರ್ತಿ ನೆಲಕ್ಕಿಳಿಸಿ, ಎಂಜಿನ್ ಆಫ್ ಮಾಡಿ ಒತ್ತಡ ಬಿಟ್ಟು, ಒಂದು ಲಿಫ್ಟ್ ಸಿಲಿಂಡರ್‌ನ ಬುಡದ ಹೋಸ್ ಬಿಚ್ಚಿ ಹೋಸ್ ಬಾಯಿಗೆ ಗಟ್ಟಿ ಪ್ಲಗ್ ಹಾಕಿ. ಈಗ ಒಬ್ಬರು ಎಂಜಿನ್ ನಿಧಾನದಲ್ಲಿಟ್ಟು ‘ಇಳಿಸು’ ಕಡೆಗೆ ಮಾತ್ರ ಪೆಡಲ್ ಹಿಡಿಯಲಿ, ನೀವು ದೂರ ನಿಂತು ನೋಡಿ. ಬಿಚ್ಚಿದ ಬಾಯಿಂದ ಎಣ್ಣೆ ನಿಲ್ಲದೆ ಬರುತ್ತಿದ್ದರೆ ಪಿಸ್ಟನ್ ಸೀಲ್ ಹೋಗಿದೆ. ಇನ್ನೊಂದು ಸಿಲಿಂಡರಿಗೂ ಹೀಗೆಯೇ. ಎರಡೂ ಒಣಗಿದ್ದರೆ ಅನುಮಾನ ವಾಲ್ವಿನ ಮೇಲೆ.

ಸ್ಪೂಲ್ ಎಂದರೆ ವಾಲ್ವಿನೊಳಗೆ ಹಿಂದೆ ಮುಂದೆ ಸರಿದು ಎಣ್ಣೆಗೆ ದಾರಿ ಬಿಡುವ ಕಡ್ಡಿ. ಅದರ ತುದಿಯಲ್ಲಿ ಎಣ್ಣೆ ಒಸರುವುದು ಬರೀ ಓ-ರಿಂಗ್ ಕೆಲಸ, ಸೀಲ್ ಕಿಟ್ ಸಾಕು. ಒಳಗಿನ ಸವೆತ ಹಾಗಲ್ಲ. ಸ್ಪೂಲಿಗೂ ಅದು ಕೂರುವ ತೂತಿಗೂ ನಡುವಿನ ಸಂದು ಮಿಲಿಮೀಟರಿನ ಸಾವಿರದ ಕೆಲವೇ ಭಾಗ. ಪ್ರತಿಯೊಂದು ಸ್ಪೂಲನ್ನೂ ಅದರ ತೂತಿಗೇ ಹೊಂದಿಸಿರುವುದರಿಂದ ಅದಲು ಬದಲು ಮಾಡಬಾರದು, ಎಮರಿ ಪೇಪರ್ ಅಂತೂ ಹತ್ತಿರ ಸುಳಿಯಬಾರದು. ಉಗುರಿಗೆ ಸಿಗುವಷ್ಟು ಗೀರು ಬಿದ್ದಿದ್ದರೆ ಆ ಸೆಕ್ಷನ್ (ಆ ಸ್ಪೂಲ್ ಕೂರುವ ವಾಲ್ವಿನ ತುಂಡು) ಪೂರ್ತಿ ಬದಲಿಸಿ. ಸೆಕ್ಷನ್‌ಗಳನ್ನು ಮತ್ತೆ ಜೋಡಿಸುವಾಗ ಉದ್ದ ಬೋಲ್ಟ್‌ಗಳನ್ನು ಮ್ಯಾನುಯಲ್ ಹೇಳಿದ ಟಾರ್ಕ್‌ಗೆ, ಸಮವಾಗಿ ಬಿಗಿಮಾಡಿ. ಒಂದು ಬದಿ ಹೆಚ್ಚು ಬಿಗಿಯಾದರೆ ಬಾಡಿ ಸೊಟ್ಟಗಾಗಿ ಚೆನ್ನಾಗಿದ್ದ ಸ್ಪೂಲೂ ಹಿಡಿದುಕೊಳ್ಳುತ್ತದೆ.

ಇಷ್ಟೆಲ್ಲ ಆದ ಮೇಲೂ ಎಣ್ಣೆ ಬಿಸಿಯಾದಾಗ ಒಂದು ಬದಿಯ ಎಳೆತ ಸೋಲುತ್ತಿದ್ದರೆ ಪಂಪು, ಮೋಟಾರುಗಳ ವಿಚಾರ ಮಾತಾಡಬಹುದು. ಆಗಲೂ ಬಿಚ್ಚುವ ಮೊದಲು ಎರಡೂ ಬದಿಯ ಕೇಸ್ ಡ್ರೈನ್‌ನಿಂದ (ಒಳಗೆ ಸೋರಿದ ಎಣ್ಣೆ ಹೊರಬರುವ ಹೋಸ್‌ನಿಂದ) ಎಷ್ಟು ಎಣ್ಣೆ ಬರುತ್ತದೆ ಎಂದು ಅಳೆದು ತೋರಿಸಿ ಎಂದು ನಿಮ್ಮ ಮೆಕ್ಯಾನಿಕ್‌ಗೆ ಕೇಳಿ.