ಶುಂಠಿ ಬಿಯರ್‌ಗೆ ಸದ್ಯ ಬಾಟಲಿಯೇ ಸಾಕು

ಕಾರವಾರದ ಮನೆಯಲ್ಲಿ ತಿಂಗಳಿಗೆ 10 ಲೀಟರ್ ಶುಂಠಿ ಬಿಯರ್ ಹುದುಗಿಸುತ್ತೇನೆ, ಕೆಗ್ (ಬಿಯರ್ ತುಂಬಿಡುವ ಲೋಹದ ಪೀಪಾಯಿ) ತಗೊಳ್ಳಲಾ, ಬಾಟಲಿ ಸಾಕಾ ಅಂತ ಕೇಳಿದ್ದೀರಿ. ನನ್ನ ಕೇಳಿದ್ರೆ ಬಾಟಲಿ. 19 ಲೀಟರಿನ ಕೆಗ್ ಅಂದ್ರೆ ಇಂಗಾಲದ ಡೈಆಕ್ಸೈಡ್ ಸಿಲಿಂಡರ್, ರೆಗ್ಯುಲೇಟರ್, ಅದು ಹಿಡಿಯುವಷ್ಟು ದೊಡ್ಡ ಫ್ರಿಜ್ ಎಲ್ಲಾ ಬೇಕು. ನಿಮ್ಮ ಅಳತೆಗೆ ಅದು ಜಾಸ್ತಿಯೇ ಆಯ್ತು.

ಆದ್ರೆ ನಮ್ಮ ಕರಾವಳಿಯ ಸೆಕೆಯಲ್ಲಿ ಯೀಸ್ಟ್ ಸುಮ್ನೆ ಕೂರುವುದಿಲ್ಲ. ಶಿರಸಿಯ ಚಳಿಯಲ್ಲಿ ಬಾಟಲಿಯೊಳಗೆ ಗ್ಯಾಸ್ ತುಂಬಲು ನಾಲ್ಕು ದಿನ ಹಿಡಿದಿದ್ದು ಇಲ್ಲಿ ಏಪ್ರಿಲ್‌ನಲ್ಲಿ ಎರಡೇ ದಿನಕ್ಕೆ ತುಂಬಿಕೊಂಡಿತು. ಗಾಜಿನ ಬಾಟಲಿ ಬೇಡವೇ ಬೇಡ. ನಮ್ಮ ಅಡುಗೆಮನೆಯಲ್ಲಿ ಒಂದು ಸಿಡಿದು, ಚೂರು ಅಕ್ಕಿ ಡಬ್ಬಿಯವರೆಗೂ ಹಾರಿತ್ತು. ಮಕ್ಕಳು ಆಗಷ್ಟೇ ಹೊರಗೆ ಹೋಗಿದ್ದರು.

ಸೋಡಾ ಬರುವ ಪ್ಲಾಸ್ಟಿಕ್ ಬಾಟಲಿ ತಗೊಳ್ಳಿ. ಮೇಲೆ ಎರಡು ಬೆರಳು ಜಾಗ ಬಿಡಿ. ಬೆಳಿಗ್ಗೆ, ಸಂಜೆ ಒತ್ತಿ ನೋಡಿ. ಗಟ್ಟಿಯಾದ ಕೂಡಲೇ ಫ್ರಿಜ್‌ಗೆ ಹಾಕಿ, ವಾರದೊಳಗೆ ಮುಗಿಸಿ. ತಣ್ಣಗಿದ್ದರೂ ಯೀಸ್ಟ್ ಪೂರ್ತಿ ಮಲಗುವುದಿಲ್ಲ.