ಎಐ ಏಜೆಂಟ್ ಬಳಸುವ ಎಪಿಐ ಸಂಪರ್ಕ ಪರೀಕ್ಷೆಯ ಟೂಲ್‌ಗೆ ಯಾವ ಟೆಂಪ್ಲೇಟ್‌ನಲ್ಲಿ ಡಾಕ್ಯುಮೆಂಟೇಶನ್ ಬರೆಯಬೇಕು?

ಟೆಂಪ್ಲೇಟ್ ಹುಡುಕೋದನ್ನು ಸದ್ಯಕ್ಕೆ ಬಿಡಿ. ಟೂಲ್ ಓಡ್ತಿದೆ, ಇನ್ನು ರೀಡ್‌ಮಿ (ಟೂಲ್ ಬಗ್ಗೆ ಮನುಷ್ಯರಿಗೆ ತಿಳಿಸುವ ಫೈಲ್) ಒಂದೇ ಬಾಕಿ ಅಂತ ಬರೆದಿದ್ದೀರಿ. ಗಂಗಾವತಿಯಲ್ಲಿ ಕೂತು ನಾನೂ ಹಾಗೇ ಅಂದುಕೊಂಡಿದ್ದೆ.

ನಮ್ಮದು ಸಣ್ಣ ತಂಡ. ಗಂಗಾವತಿ, ಕಾರಟಗಿ ಕಡೆಯ ಅಕ್ಕಿ ಗಿರಣಿಯವರಿಗೆ ಒಂದು ಏಜೆಂಟ್, ಅಂದ್ರೆ ತಾನೇ ಟೂಲ್‌ಗಳನ್ನು ಕರೆದು ಉತ್ತರ ಕೊಡುವ ಎಐ, ಮಾಡಿಕೊಟ್ಟಿದ್ದೆವು. "ಸಿಂಧನೂರಲ್ಲಿ ಇವತ್ತು ಸೋನಾ ಮಸೂರಿ ಭತ್ತ ಎಷ್ಟಕ್ಕೆ ನಡೀತಿದೆ?" ಅಂತ ವಾಟ್ಸಾಪ್‌ನಲ್ಲಿ ಕೇಳಿದರೆ, ಹೊರಗಿನ ಒಂದು ಎಪಿಐನಿಂದ (ಪ್ರೋಗ್ರಾಂಗಳು ಬೇರೆ ಸರ್ವರ್‌ನಿಂದ ಮಾಹಿತಿ ಕೇಳುವ ದಾರಿ) ದರ ತಂದು ಕನ್ನಡದಲ್ಲಿ ಹೇಳುತ್ತಿತ್ತು. ಅದರ ಕೈಯಲ್ಲಿ ಎರಡು ಟೂಲ್. ಒಂದು ದರ ತರೋದು. ಇನ್ನೊಂದು ನಿಮ್ಮದರ ಥರದ್ದೇ, ಎಪಿಐ ಸಿಗುತ್ತಿದೆಯಾ ಅಂತ ನೋಡೋದು. ಅದಕ್ಕೆ ನಾನು ಬರೆದ ವಿವರಣೆ ಒಂದೇ ಸಾಲು: "ಎಪಿಐ ಸರಿಯಾಗಿದೆಯೇ ಎಂದು ಪರೀಕ್ಷಿಸುತ್ತದೆ." ಉತ್ತರ ಹೌದು ಅಥವಾ ಇಲ್ಲ, ಅಷ್ಟೇ.

ಆ ಒಂದು ಸಾಲಿನಿಂದ ನಮ್ಮ ಒಳ್ಳೆಯ ಗಿರಾಕಿಯೊಬ್ಬರು ಬಿಟ್ಟುಹೋದರು. ಹೇಗೆ ಅಂತ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನಿಮ್ಮ ಟೂಲ್‌ನಲ್ಲೂ ಇದೇ ಜಾಗ ತೆರೆದಿರುತ್ತೆ.

ನನ್ನ ಟೂಲ್ ಬಡಿಯುತ್ತಿದ್ದುದು ಆ ಎಪಿಐನ ಹೆಲ್ತ್ ವಿಳಾಸವನ್ನು, ಅಂದ್ರೆ ಸರ್ವರ್ ಎದ್ದಿದೆಯಾ ಅಂತಷ್ಟೇ ಹೇಳುವ ವಿಳಾಸವನ್ನು. ಅದಕ್ಕೆ ಕೀ (ನಾವು ಯಾರು ಅಂತ ಎಪಿಐಗೆ ತೋರಿಸುವ ಗುಟ್ಟಿನ ಗುರುತು) ಬೇಕಿಲ್ಲ, ಯಾರು ಕೇಳಿದರೂ 200, ಅಂದ್ರೆ ಸರಿ ಅನ್ನುವ ಕೋಡ್, ಕೊಡುತ್ತೆ. ಹಾಗಾದರೆ 200 ಬಂತು ಅಂದ್ರೆ ಗೊತ್ತಾಗೋದೇನು? ಡಿಎನ್‌ಎಸ್‌ನಲ್ಲಿ (ಹೆಸರಿನಿಂದ ಸರ್ವರ್ ವಿಳಾಸ ಹುಡುಕುವ ವ್ಯವಸ್ಥೆ) ಹೆಸರು ಸಿಕ್ಕಿತು, 443ನೇ ಪೋರ್ಟ್ ತೆರೆಯಿತು, ಟಿಎಲ್‌ಎಸ್ (ಸುರಕ್ಷಿತ ಸಂಪರ್ಕ ಕಟ್ಟುವ ಹಂತ) ಮುಗಿಯಿತು, ಸರ್ವರ್ ಮಾತಾಡಿತು. ನಮ್ಮ ಕೀ ಇನ್ನೂ ನಡೆಯುತ್ತಾ, ದರದ ಮಾಹಿತಿ ಬಂದಿದೆಯಾ, ಇದ್ಯಾವುದೂ ಗೊತ್ತಾಗಲ್ಲ.

ಸುಗ್ಗಿ ಕಾಲ. ಒಂದು ಬೆಳಿಗ್ಗೆ ಕೀ ಅವಧಿ ಮುಗಿದಿತ್ತು. ದರ ಕೇಳಿದಾಗ ಎಪಿಐ 401 ಅಂತು, ಅಂದ್ರೆ ನಿಮ್ಮ ಗುರುತು ಒಪ್ಪಲ್ಲ ಅಂತ. ದರ ತರುವ ಟೂಲ್ ಆ ತಪ್ಪನ್ನು ನುಂಗಿಕೊಂಡು ಖಾಲಿ ಪಟ್ಟಿ ಕೊಟ್ಟಿತು. ಏಜೆಂಟ್‌ಗೆ ಅನುಮಾನ ಬಂತು, ಸಂಪರ್ಕ ಪರೀಕ್ಷೆ ಮಾಡಿತು. ಹೌದು, ಎಪಿಐ ಸರಿಯಾಗಿದೆ ಅಂತ ಉತ್ತರ ಬಂತು. ಎಪಿಐ ಸರಿಯಿದೆ, ಪಟ್ಟಿ ಖಾಲಿ. ಎರಡನ್ನೂ ಕೂಡಿಸಿ ಅದು ಗಿರಣಿಯವರಿಗೆ ಬರೆಯಿತು: "ಇಂದು ಸಿಂಧನೂರಿನಲ್ಲಿ ಭತ್ತದ ವಹಿವಾಟು ನಡೆದಿಲ್ಲ." ಅವರು ನಂಬಿದರು, ಖರೀದಿಗೆ ಆಳು ಕಳಿಸಲಿಲ್ಲ. ಮಾರುಕಟ್ಟೆಯಲ್ಲಿ ಭತ್ತದ ರಾಶಿ ಬಿದ್ದಿತ್ತು.

ಖಾಲಿ ಪಟ್ಟಿ ಕೊಟ್ಟ ಕೋಡ್‌ದೇ ತಪ್ಪು ಅಂತ ತಂಡದಲ್ಲಿ ಎಲ್ಲರೂ ಹೇಳಿದರು. ಅದನ್ನು ಸರಿಮಾಡಿದೆವು, ಮಾಡಲೇಬೇಕಿತ್ತು. ಆದರೆ ನನಗೆ ಸಮಾಧಾನ ಆಗಲಿಲ್ಲ. ಹಳೆಯ ಕೋಡನ್ನೇ ಇಟ್ಟು, ಅದೇ ಸತ್ತ ಕೀ ಕೊಟ್ಟು, ಪರೀಕ್ಷೆಯ ಟೂಲ್‌ನ ವಿವರಣೆ ಮಾತ್ರ ಬದಲಿಸಿ ಓಡಿಸಿದೆ. ಈ ಸಲ ಏಜೆಂಟ್ "ಸರ್ವರ್ ಸಿಗುತ್ತಿದೆ, ಆದರೆ ದರ ಸಿಕ್ಕಿಲ್ಲ. ಕೀ ಸಮಸ್ಯೆ ಇರಬಹುದು, ವಹಿವಾಟಿನ ಬಗ್ಗೆ ಏನೂ ಹೇಳಲಾರೆ" ಅಂತು. ಆಗಲೇ ನನಗೆ ವಿಷಯ ಹೊಳೆದದ್ದು. ಮನುಷ್ಯ ಡೆವಲಪರ್‌ಗೆ ಅನುಮಾನ ಬಂದ್ರೆ ಕೋಡ್ ತೆರೆದು ನೋಡ್ತಾನೆ. ಏಜೆಂಟ್‌ಗೆ ಸಾಮಾನ್ಯವಾಗಿ ಕಾಣೋದು ಟೂಲ್‌ನ ಹೆಸರು, ವಿವರಣೆ, ಇನ್‌ಪುಟ್ ಸ್ಕೀಮಾ (ಟೂಲ್‌ಗೆ ಏನೇನು ಕೊಡಬೇಕು ಅನ್ನುವ ಪಟ್ಟಿ). 2024ರ ನವೆಂಬರ್‌ನಲ್ಲಿ ಎಐ ಕಂಪನಿ ಆಂಥ್ರೊಪಿಕ್ ಹೊರತಂದ ಎಂಸಿಪಿಯಲ್ಲೂ (ಏಜೆಂಟ್‌ಗೆ ಟೂಲ್ ಜೋಡಿಸುವ ಮಾನದಂಡ) ಹೀಗೇ. ನೀವು ಚೆಂದ ಮಾಡಿ ಬರೆಯುವ ರೀಡ್‌ಮಿ ಕೋಡ್ ಇಡುವ ರೆಪೊದಲ್ಲೇ ಉಳಿಯುತ್ತೆ. ಹಾಗಾಗಿ ಆ ವಿವರಣೆಯೇ ನಿಮ್ಮ ಡಾಕ್ಯುಮೆಂಟೇಶನ್.

ನಮ್ಮ ಈಗಿನ ವಿವರಣೆಯ ಸಾರ ಇದು: "ಸರ್ವರ್‌ಗೆ ಸಂಪರ್ಕ ಸಿಗುತ್ತಿದೆಯೇ ಎಂದಷ್ಟೇ ನೋಡುತ್ತದೆ. ಕೀ, ಅನುಮತಿ, ಮಾಹಿತಿ ಯಾವುದನ್ನೂ ನೋಡುವುದಿಲ್ಲ. ಬೇರೆ ಟೂಲ್ ವಿಫಲವಾದಾಗ ಅಥವಾ ಖಾಲಿ ಉತ್ತರ ಕೊಟ್ಟಾಗ ಮಾತ್ರ ಕರೆಯಿರಿ. ಸಂಪರ್ಕ ಇದೆ ಎಂಬ ಉತ್ತರದಿಂದ ಮಾಹಿತಿ ಇಲ್ಲ ಎಂದು ತೀರ್ಮಾನಿಸಬೇಡಿ." ಏನು ನೋಡುವುದಿಲ್ಲ ಅನ್ನುವ ಸಾಲೇ ಇದರಲ್ಲಿ ಮುಖ್ಯ. ಬಹಳಷ್ಟು ಟೂಲ್‌ಗಳ ವಿವರಣೆಯಲ್ಲಿ ಅದೇ ಇರೋದಿಲ್ಲ.

ಹೌದು, ಇಲ್ಲ ಅನ್ನುವ ಉತ್ತರವನ್ನೂ ತೆಗೆದುಹಾಕಿ. ಎಲ್ಲಿ ನಿಂತಿತು ಅಂತ ಕೊಡಿ: ಹೆಸರು ಸಿಗಲಿಲ್ಲ, ಪೋರ್ಟ್ ತೆರೆಯಲಿಲ್ಲ, ಸರ್ಟಿಫಿಕೇಟ್ ಒಪ್ಪಲಿಲ್ಲ, ಸಮಯ ಮೀರಿತು. ಕೀ ಹಾಕಿ ನೋಡುವ ಟೂಲ್ ಆದರೆ 401 ಮತ್ತು 403 (ಅನುಮತಿ ಇಲ್ಲ) ಬೇರೆ ಬೇರೆ ಇರಲಿ. ಪ್ರತಿಯೊಂದಕ್ಕೂ ಮುಂದೇನು ಮಾಡಬೇಕು ಅಂತ ಬರೆಯಿರಿ. 401 ಬಂದರೆ ಮತ್ತೆ ಪ್ರಯತ್ನಿಸಬೇಡ, ಮನುಷ್ಯರಿಗೆ ತಿಳಿಸು. 429 (ಕರೆಗಳು ಮಿತಿ ಮೀರಿವೆ) ಬಂದರೆ, ಉತ್ತರದ ಜೊತೆ ಬರುವ ರಿಟ್ರೈ-ಆಫ್ಟರ್ ಹೆಡರ್ ಹೇಳಿದಷ್ಟು ಹೊತ್ತು ಕಾಯು. 503 (ಸರ್ವರ್ ಸದ್ಯಕ್ಕೆ ಸೇವೆ ಕೊಡಲಾರದು) ಬಂದರೆ ಸ್ವಲ್ಪ ಬಿಟ್ಟು ನೋಡು, ಆದರೆ ಇಷ್ಟು ಸಲ ಮಾತ್ರ. ಮಿತಿ ಬರೆಯದಿದ್ದರೆ ಕೆಲವು ಏಜೆಂಟ್‌ಗಳು ಸುಮ್ನೆ ಬಡಿಯುತ್ತಲೇ ಇರುತ್ತವೆ. ಇನ್ನೊಂದು, ತಪ್ಪಿನ ಸಂದೇಶದಲ್ಲಿ ಕೀ ಸೋರಬಾರದು. ಅದು ಮಾಡೆಲ್‌ಗೂ ಹೋಗುತ್ತೆ, ಲಾಗ್‌ಗೂ ಹೋಗುತ್ತೆ.

ನೀವು ಇನ್ನೊಂದು ಮಾತು ಬರೆದಿದ್ದೀರಿ: ಪ್ರತಿ ಕರೆಗೂ ಮೊದಲು ಏಜೆಂಟ್ ಈ ಪರೀಕ್ಷೆ ಮಾಡಲಿ ಅಂತ ಡಾಕ್ಯುಮೆಂಟ್‌ನಲ್ಲಿ ಹೇಳ್ತೀನಿ ಅಂತ. ದಯವಿಟ್ಟು ಬೇಡ. ಪರೀಕ್ಷೆ ಪಾಸಾದ ಮರುಕ್ಷಣವೇ ಸರ್ವರ್ ಬೀಳಬಹುದು, ಆಗ ಅದರಿಂದ ಏನು ಸಿಕ್ಕಂತಾಯಿತು? ಕರೆಗಳು ಎರಡುಪಟ್ಟು ಆಗುತ್ತವೆ, ಅವೂ ಲೆಕ್ಕಕ್ಕೆ ಬಂದರೆ ನಿಮ್ಮ ಮಿತಿ ಬೇಗ ಮುಗಿಯುತ್ತೆ, ಗಿರಾಕಿ ಜಾಸ್ತಿ ಹೊತ್ತು ಕಾಯಬೇಕಾಗುತ್ತೆ. ನಿಜವಾದ ಕರೆಯನ್ನೇ ಮಾಡಲಿ. ಅದು ಬಿದ್ದಾಗ ಯಾಕೆ ಅಂತ ತಿಳಿಯೋಕೆ ನಿಮ್ಮ ಟೂಲ್ ಇರೋದು, ಅಲ್ವಾ?

ವಿವರಣೆ ಬರೆದ ಮೇಲೆ ಅದನ್ನು ಸಹೋದ್ಯೋಗಿಗೆ ತೋರಿಸೋದಕ್ಕಿಂತ ಮೊದಲು ಏಜೆಂಟ್‌ಗೆ ಕೊಟ್ಟು ಕೆಡಿಸಿ ನೋಡಿ. ತಪ್ಪು ಕೀ ಕೊಡಿ. ಡೊಮೇನ್ ಹೆಸರಲ್ಲಿ ಒಂದಕ್ಷರ ತಪ್ಪಿಸಿ. ನೆಟ್ ಕಿತ್ತುಹಾಕಿ. ಹೆಲ್ತ್ 200 ಇದ್ದು ಮಾಹಿತಿ ಖಾಲಿ ಇರುವಂತೆ ಮಾಡಿ. ಪ್ರತಿ ಸಲವೂ ಅದು ಬಳಕೆದಾರರಿಗೆ ಬರೆಯುವ ವಾಕ್ಯವನ್ನು ಓದಿ. ಟೂಲ್ ನೋಡದೇ ಇರುವುದನ್ನು ನೋಡಿದ ಹಾಗೆ ಹೇಳಿದರೆ ವಿವರಣೆ ತಿದ್ದಿ, ಮತ್ತೆ ಓಡಿಸಿ. ರೀಡ್‌ಮಿ ಅದಾದ ಮೇಲೆ. ಇನ್‌ಸ್ಟಾಲ್ ಹೇಗೆ, ಕೀ ಎಲ್ಲಿಡಬೇಕು, ಟೈಮ್‌ಔಟ್ ಎಷ್ಟು ಅಂತ ಮನುಷ್ಯರಿಗೆ ತಿಳಿದರೆ ಆಯಿತು, ಸಾದಾ ಮಾರ್ಕ್‌ಡೌನ್ (ಸರಳ ಪಠ್ಯದ) ಫೈಲ್ ಸಾಕು.